ಗಿಟಾರಿನ ಕೆಮ್ಮು

ನಮ್ಮ ಮನೆಯ ಗಿಟಾರಿಗೆ ಕೆಮ್ಮಿದೆ. ಆರು ತಂತಿಗಳಲ್ಲಿ ಐದು ಸರಿಯಾಗಿಯೇ ನುಡಿಯುತ್ತವೆ. ಎಲ್ಲಕ್ಕಿಂತ ದಪ್ಪನೆಯದನ್ನು ಮೀಟಿದಾಗ ಮಾತ್ರ ಒಳಗಿನಿಂದ ಗೊರ್ ಎಂಬ ಸದ್ದು ಬರುತ್ತದೆ, ಚಳಿಗಾಲದ ಬೆಳಗ್ಗೆ ಬಚ್ಚಲಿನಿಂದ ನನ್ನ ಸದ್ದು ಬರುವ ಹಾಗೆ. ಮನೆಗೆ ಬಂದವರು ಸುಮ್ಮನಿರುವುದಿಲ್ಲ. ಇದಕ್ಕೇನಾಯಿತು, ಮುಖದ ಮೇಲೆ ಬೇರೆ ಬಣ್ಣದ ತೇಪೆ ಯಾಕೆ ಎಂದು ಕೇಳುತ್ತಾರೆ. ಆಗ ಮನೆಯವರೆಲ್ಲ ಒಟ್ಟಿಗೆ ನನ್ನ ಕಡೆ ನೋಡುತ್ತಾರೆ. ಹೇಳಬೇಕಾದವನು ನಾನೇ. ಅದು ನನಗೆ ಆಗಿರುವ ತೀರ್ಪು. ಗ್ಯಾಸ್ ಸಿಲಿಂಡರ್ ತಂದವನಿಗೆ ಹೇಳಿದ್ದೇನೆ, ಬೀಗರಿಗೆ ಹೇಳಿದ್ದೇನೆ, ಓಟಿನ ಪಟ್ಟಿಯಲ್ಲಿ ನಾನಿನ್ನೂ ಬದುಕಿದ್ದೇನೋ ಇಲ್ಲವೋ ಎಂದು ನೋಡಲು ಬಂದ ಹುಡುಗಿಗೂ ಹೇಳಿದ್ದೇನೆ. ಪ್ರತಿ ಸಲ ಬಾಯಿಂದ ಹೇಳುವುದಕ್ಕಿಂತ ಒಮ್ಮೆ ಬರೆದಿಟ್ಟರೆ ಮೇಲೆಂದು ಈಗ ಬರೆಯಲು ಕೂತಿದ್ದೇನೆ.

ನಾನು ಮಕ್ತಲ್‌ನವನು. ನಾರಾಯಣಪೇಟೆಯಲ್ಲಿ ಕನ್ನಡದಲ್ಲಿಯೇ ಹೈಸ್ಕೂಲು ಓದಿದೆ. ಆಮೇಲೆ ನಲವತ್ತು ವರ್ಷ ಅಲ್ಲಿಯ ಮಗ್ಗಗಳಿಂದಲೂ ಗದ್ವಾಲದ ಮಗ್ಗಗಳಿಂದಲೂ ಸೀರೆ ಎತ್ತಿ ಅಂಗಡಿಗಳಿಗೆ ಮುಟ್ಟಿಸುವ ಕೆಲಸ ಮಾಡಿದೆ. ಹುಟ್ಟಿದ ಮನೆಯಲ್ಲಿಯೇ ಮುದುಕನಾದೆ. ಆದರೂ ಹೈದರಾಬಾದ್ ರಾಜ್ಯ, ಆಂಧ್ರ, ತೆಲಂಗಾಣ ಮೂರನ್ನೂ ಕಂಡವನು. ನಾನು ಎಲ್ಲಿಗೂ ಹೋಗಲಿಲ್ಲ. ರಾಜ್ಯಗಳೇ ನಮ್ಮ ಮನೆಯ ಮುಂದೆ ಬಸ್ಸಿನ ಹಾಗೆ ಬಂದು, ನಿಂತು, ಹೋದವು.

ಮಾಳಪ್ಪ ನನ್ನ ಓರಗೆಯವನು, ನಮ್ಮ ಓಣಿಯವನೇ. ಅವನ ತಂದೆ ಕಂಬಳಿ ನೇಯುತ್ತಿದ್ದರು, ಬೀರಪ್ಪನ ಗುಡಿಯಲ್ಲಿ ಡೊಳ್ಳು ಬಾರಿಸುತ್ತಿದ್ದರು. ಅವರ ಅಂಗಳದಲ್ಲಿ ಯಾವಾಗಲೂ ಕಂಬಳಿಗೆ ಹಚ್ಚುವ ಹುಣಸೆ ಬೀಜದ ಗಂಜಿ ಕುದಿಯುವ ವಾಸನೆ, ಒದ್ದೆ ಉಣ್ಣೆಯ ವಾಸನೆ. ಹನ್ನೆರಡನೆಯ ವಯಸ್ಸಿನಲ್ಲಿ ನಾವಿಬ್ಬರೂ ಆ ಮಗ್ಗದ ಹಿಂದೆ ಕೂತು ಮೊದಲ ಬೀಡಿಯನ್ನು ಅರ್ಧರ್ಧ ಸೇದಿದೆವು. ಮಾಳಪ್ಪ ಕೆಮ್ಮಿದ, ವಾಂತಿ ಮಾಡಿದ, ಅಂದೇ ಬಿಟ್ಟ. ನನಗೆ ಕೆಮ್ಮೇ ಬರಲಿಲ್ಲ. ಅದನ್ನು ನಾನು ಪ್ರತಿಭೆ ಎಂದುಕೊಂಡೆ.

ಅವತ್ತು ಇನ್ನೊಂದು ಕೆಲಸವನ್ನೂ ಮಾಡಿದೆ. ಪಕ್ಕದಲ್ಲಿ ಅವನ ತಂದೆಯ ಡೊಳ್ಳು ಇತ್ತು. ಬೀಡಿಯ ಕೆಂಡ ಚರ್ಮಕ್ಕೆ ತಾಗಿದರೆ ಏನಾಗುತ್ತದೆಂದು ನೋಡುವ ಆಸೆಯಾಯಿತು. ಮಾಳಪ್ಪ ಆ ಕಡೆ ತಿರುಗಿ ವಾಂತಿ ಮಾಡುತ್ತಿದ್ದಾಗ ತಾಗಿಸಿ ನೋಡಿದೆ. ಜೋಳದ ಕಾಳಿನಷ್ಟು ತೂತು ಬಿತ್ತು.

ಮಾಳಪ್ಪನ ಮನೆಯಲ್ಲಿ ಒಂದು ಪದ್ಧತಿ ಇದೆ. ಡೊಳ್ಳಿಗೆ ಹೊಸ ಚರ್ಮ ಹಾಕಲು ಹಗ್ಗ ಬಿಚ್ಚುವ ಮೊದಲು ಎಲ್ಲರೂ ಅದರ ಸುತ್ತ ಕೂರುತ್ತಾರೆ. ದೇವರ ಅರಿಸಿನ ಪುಡಿಗೆ ಅವರು ಭಂಡಾರ ಎನ್ನುತ್ತಾರೆ. ಆ ಭಂಡಾರವನ್ನು ಡೊಳ್ಳಿಗೆ ಹಚ್ಚಿ, ತಾನು ಅದಕ್ಕೆ ಮಾಡಿದ ತಪ್ಪನ್ನು ಒಬ್ಬೊಬ್ಬರೂ ಬಾಯಿಬಿಟ್ಟು ಹೇಳಬೇಕು. ಮಳೆಯಲ್ಲಿ ಬಿಟ್ಟೆ, ಕಾಲು ತಾಗಿಸಿದೆ, ಮೇಲೆ ಕೂತೆ, ತಪ್ಪಾಯಿತು. ಹೇಳಿದ ಮೇಲೆಯೇ ಬಿಚ್ಚುವುದು. ಆ ವರ್ಷ ನಾನೂ ಆ ಸುತ್ತಿನಲ್ಲಿ ಕೂತಿದ್ದೆ. ನನ್ನ ಸರದಿ ಬಂದಾಗ “ನಾನೇನೂ ಮಾಡಿಲ್ರಿ” ಎಂದೆ. ತೂತಿನ ಲೆಕ್ಕ ಮಾಳಪ್ಪನ ಕೆನ್ನೆಗೆ ಹೋಯಿತು. ಇದನ್ನು ಇಲ್ಲಿ ಯಾಕೆ ಹೇಳಿದೆನೆಂದು ಮುಂದೆ ತಿಳಿಯುತ್ತದೆ.

ಬೀಡಿ ಸೇದುವುದು ಸುಲಭ, ಬಚ್ಚಿಡುವುದು ಕಷ್ಟ. ಶಾಲೆಯಲ್ಲಿ ಗೋಡೆಯ ಸಡಿಲ ಇಟ್ಟಿಗೆಯ ಹಿಂದೆ ಇಡುತ್ತಿದ್ದೆ. ಮದುವೆಯಾದ ಮೇಲೆ ಸೀರೆಯ ಗಂಟಿನಲ್ಲಿ. ಒಮ್ಮೆ ಒಂದು ಕಟ್ಟು ಮಡಿಕೆಯೊಳಗೇ ಉಳಿದು ಹೈದರಾಬಾದಿನ ಅಂಗಡಿಗೆ ಹೋಯಿತು. ಅಲ್ಲಿಂದ ಸುದ್ದಿ ಬಂತು, ಮದುಮಗಳು ಪೆಟ್ಟಿಗೆ ತೆರೆದು ಸೀರೆ ಮೂಸಿ, “ಇದರಿಂದ ಅಜ್ಜನ ವಾಸನೆ ಬರುತ್ತಿದೆ” ಎಂದು ಅತ್ತಳಂತೆ. ವಯಸ್ಸಾದ ಮೇಲೆ ರಾಯಚೂರಿನ ಡಾಕ್ಟರು ನನ್ನ ಎದೆಗೆ ಕಿವಿಗೊಟ್ಟು, ಬೀಡಿ ಬಿಡಬೇಕೆಂದು ನನಗೆ ಹೇಳುವ ಬದಲು ನನ್ನ ಹೆಂಡತಿ ಗೌರಮ್ಮನಿಗೆ ಹೇಳಿದರು. ಅಂದಿನಿಂದ ನಮ್ಮ ಮನೆಯಲ್ಲಿ ಹುಡುಕದ ಮೂಲೆ ಉಳಿಯಲಿಲ್ಲ.

ಅಂಥ ಹೊತ್ತಿಗೆ, ಹೈದರಾಬಾದಿನಲ್ಲಿ ನೌಕರಿಯಲ್ಲಿದ್ದ ಮಗನ ಮದುವೆಯಾಗಿ, ರಾಯಚೂರಿನಿಂದ ಸೊಸೆ ಸುಜಾತಾ ಬಂದಳು. ಅಲಮಾರಿ, ಹಾಸಿಗೆ, ಪಾತ್ರೆಗಳ ಜೊತೆಗೆ ಒಂದು ಗಿಟಾರು ಇಳಿಯಿತು. ನಮ್ಮ ನೆಂಟರು ಸುತ್ತ ನಿಂತು ನೋಡಿದರು.

“ಇದಕ್ಕ ಹೊಟ್ಟ್ಯಾಗ ಯಾಕ ತೂತು?” ಎಂದು ನಮ್ಮ ಅತ್ತಿಗೆ ಕೇಳಿದರು.

“ದನಿ ಹೊರಗ ಬರಾಕ್ರಿ” ಎಂದಳು ಸುಜಾತಾ.

ನಾನು ಆ ತೂತನ್ನೇ ನೋಡುತ್ತಿದ್ದೆ. ನನಗೆ ಹೊಳೆದದ್ದು, ಇದರಲ್ಲಿ ಒಳಗೂ ಹೋಗಬಹುದು ಎಂದು.

ಸುಜಾತಾ ಶಾಲೆಯ ಟೀಚರು. ಬೆಳಗ್ಗೆ ಹೋದರೆ ಸಂಜೆ ಬರುತ್ತಿದ್ದಳು. ಗಿಟಾರು ಬೀದಿ ಕಿಟಕಿಯ ಪಕ್ಕ ಗೋಡೆಗೆ ಒರಗಿ ನಿಂತಿರುತ್ತಿತ್ತು. ಹಗಲು ಅದು ನನ್ನ ಗೋದಾಮು, ಸಂಜೆ ಆಕೆಯ ಗಿಟಾರು. ಬೀಡಿ ಕಟ್ಟು, ಬೆಂಕಿಪೊಟ್ಟಣ, ಅವು ಸದ್ದು ಮಾಡದಂತೆ ಸುತ್ತಲು ಒಂದು ಹಳೆಯ ಅರಿವೆ. ತುಂಡುಗಳನ್ನು ಬೀದಿಗೆ ಎಸೆದರೆ ಗೌರಮ್ಮ ಕಸ ಗುಡಿಸುವಾಗ ಸಿಗುತ್ತವೆಂದು ಅವನ್ನೂ ನಂದಿಸಿ ಒಳಗೇ ಹಾಕುತ್ತಿದ್ದೆ. ನಾಲ್ಕು ಗಂಟೆಗೆ ಎಲ್ಲ ತೆಗೆದು, ಗಿಟಾರನ್ನು ತಲೆಕೆಳಗು ಮಾಡಿ ಕೊಡವುತ್ತಿದ್ದೆ. ಕೆಲವು ತುಂಡುಗಳು ಒಳಗಿನ ಕಟ್ಟಿಗೆ ಪಟ್ಟಿಗಳ ಸಂದಿಗೆ ಸರಿದು ಬರುತ್ತಲೇ ಇರಲಿಲ್ಲ. ಸುಜಾತಾ ಆಗಾಗ ತೂತಿಗೆ ಮೂಗಿಟ್ಟು, “ಮಾವಾರೆ, ಏನೋ ವಾಸನಿ ಬರ್ತೈತಲ್ರೀ” ಎನ್ನುತ್ತಿದ್ದಳು.

“ಒಳ್ಳೆ ಕಟ್ಟಿಗಿ ಅದು, ಹಂಗ ಬರ್ತೈತವ್ವ” ಎನ್ನುತ್ತಿದ್ದೆ. ಸೀರೆ ಮಾರಿದ ಬಾಯಿ ನನ್ನದು.

ತೆಲಂಗಾಣ ರಾಜ್ಯ ಬೇಕೆಂದು ಊರೆಲ್ಲ ಎದ್ದ ದಿನಗಳು ಅವು. ಬಸ್ಸು ನಿಲ್ಲಿಸಿ ರಸ್ತೆಯ ಮೇಲೆಯೇ ಒಲೆ ಹೂಡಿ, ಅಡಿಗೆ ಮಾಡಿ, ಅಲ್ಲೇ ಉಣ್ಣುವ ಹೋರಾಟ ನಡೆಯುತ್ತಿತ್ತು. ಅನ್ನ ಬೇಯುವ ತನಕ ಮಾಳಪ್ಪ ಡೊಳ್ಳು ಬಾರಿಸುತ್ತಿದ್ದ. ಒಂದು ದಿನ ಸುಜಾತಾ ಗಿಟಾರು ತಂದು ಅಂಗಡಿಯ ಮೆಟ್ಟಿಲ ಮೇಲೆ ಕೂತು ಜೊತೆಗೂಡಿದಳು. ನಾನು ನಗೆಪಾಟಲಾಗುತ್ತದೆಂದು ತಲೆ ತಗ್ಗಿಸಿದೆ. ಜನ ಉಣ್ಣುವುದು ಬಿಟ್ಟು ಕೇಳಿದರು. ಮಾಳಪ್ಪ ಬೆವರು ಒರೆಸುತ್ತಾ ಬಂದು, “ಶಂಕ್ರ್ಯಾ, ನಿನ್ನ ಸೊಸಿ ನನ್ನ ಡೊಳ್ಳಿಗೆ ಮೂಗುದಾರ ಹಾಕ್ಯಾಳ ನೋಡಲೇ. ಇಷ್ಟ್ ವರ್ಷ ಬರೇ ಗುಮ್ಮತಿದ್ದೆ. ಈಗ ನಡ್ಯಾಕ ಕಲತೀನಿ” ಎಂದ. ಅಲ್ಲಿಂದ ಇಬ್ಬರೂ ಜೋಡಿಯಾದರು. ವಾರಕ್ಕೊಮ್ಮೆ ನಮ್ಮ ಕಟ್ಟೆಯ ಮೇಲೆ ಅಭ್ಯಾಸ. ಮಾಳಪ್ಪನಿಗೆ ಮಕ್ಕಳಿಲ್ಲ. ಅವಳನ್ನು ಮಗಳೇ ಎನ್ನುತ್ತಿದ್ದ.

ಕೊನೆಗೆ ರಾಜ್ಯ ಬಂತು. ಆ ಸಂಜೆ ಊರೆಲ್ಲ ಚೌಕದಲ್ಲಿತ್ತು. ನನಗೆ ಮೊಣಕಾಲು ನೋವೆಂದು ಹೇಳಿ ಮನೆಯಲ್ಲಿ ಉಳಿದೆ. ನೋವಿರಲಿಲ್ಲ, ಬೀಡಿ ಇತ್ತು. ಕಿಟಕಿಯ ಹತ್ತಿರ ನಿಂತು ಎರಡೇ ದಮ್ಮು ಎಳೆದಿದ್ದೆ, ಬಾಗಿಲಲ್ಲಿ ಗೌರಮ್ಮನ ಚಪ್ಪಲಿ ಸದ್ದಾಯಿತು. ಕೈ ತಾನೇ ಕೆಲಸ ಮಾಡಿತು. ಉರಿಯುವ ಬೀಡಿ ತೂತಿನೊಳಗೆ ಹೋಯಿತು.

“ರಾಜ್ಯ ಬಂದ ದಿನ ಮನ್ಯಾಗ ಕುಂತ್ರ ಜನ ಏನಂದಾರು? ಏಳ್ರಿ” ಎಂದು ಆಕೆ ನನ್ನನ್ನು ಎಳೆದುಕೊಂಡು ಹೋದಳು. ಆರಿರುತ್ತದೆ, ಆರಿರುತ್ತದೆ ಎಂದುಕೊಳ್ಳುತ್ತಾ ಹೋದೆ. ಮಾಳಪ್ಪ ನಮ್ಮ ಓಣಿಯ ಬಾಯಲ್ಲಿ ಬಾಟಲಿಯಲ್ಲಿ ರಾಕೆಟ್ಟು ನಿಲ್ಲಿಸಿ ಹಾರಿಸುತ್ತಿದ್ದ. ಕಾಲು ಗಂಟೆಯಾಗಿರಬೇಕು. “ಶಂಕ್ರಪ್ಪನ ಮನ್ಯಾಗ ಹೊಗಿ!” ಎಂದು ಯಾರೋ ಕೂಗಿದರು. ಎಲ್ಲರೂ ಓಡಿದರು. ಇಲ್ಲದ ಮೊಣಕಾಲು ನೋವನ್ನು ಮರೆತು ನಾನೇ ಮೊದಲು ಓಡಿದೆ. ಗಿಟಾರಿನ ಬಾಯಿಂದ ಹೊಗೆ, ತೂತಿನ ಸುತ್ತ ಬೆಂಕಿ. ಒಂದು ಕೊಡ ನೀರನ್ನು ಅದರ ಹೊಟ್ಟೆಗೇ ಸುರಿದೆ.

“ರಾಕೆಟ್ಟು ಕಿಡಕ್ಯಾಗ ಬಂದಿರಬೇಕು” ಎಂದರು ಯಾರೋ. ನಾನು ಹೇಳಲಿಲ್ಲ, ಗೋಣು ಮಾತ್ರ ಹಾಕಿದೆ. ಅಷ್ಟಕ್ಕೇ ನಿಂತಿದ್ದರೆ ಇವತ್ತು ಇಷ್ಟು ಬರೆಯಬೇಕಾಗಿರಲಿಲ್ಲ. ಮರುದಿನ ಬೆಳಗ್ಗೆ ಬೀದಿಯಲ್ಲಿ ಬಿದ್ದಿದ್ದ ರಾಕೆಟ್ಟಿನ ಕಡ್ಡಿಯೊಂದನ್ನು ಆರಿಸಿ ತಂದು, ಮುರಿದು, ಗಿಟಾರಿನೊಳಗೆ ಹಾಕಿದೆ. ಯಾರಾದರೂ ನೋಡಿದರೆ ಸಾಕ್ಷಿ ಇರಲಿ ಎಂದು. ಯಾರೂ ನೋಡಲಿಲ್ಲ. ನೋಡದ ಸಾಕ್ಷಿಯನ್ನು ಸೃಷ್ಟಿಸಿದವನು ನಾನೊಬ್ಬನೇ ಇರಬೇಕು.

ಅದೇ ಹೊತ್ತಿಗೆ ಮಾಳಪ್ಪ ಬಂದ. ಮುಷ್ಟಿಯಲ್ಲಿ ಭಂಡಾರ.

“ಶಂಕ್ರ್ಯಾ, ನಾ ಕೆರಿ ಕಡಿಗೇ ಹಾರ್ಸಿದ್ದೆ. ಭಂಡಾರ ಮುಟ್ಟಿ ಹೇಳ್ತೀನಿ.”

ಅವನು ಭಂಡಾರ ಮುಟ್ಟಿದರೆ ಊರು ನಂಬುತ್ತದೆ. ನಂಬಿದರೆ, ಮತ್ತೆ ಹೇಗೆ ಸುಟ್ಟಿತೆಂದು ಕೇಳುತ್ತದೆ. ನಾನು ಅವನ ಕೈ ಹಿಡಿದೆ. “ಬ್ಯಾಡೋ ಮಾಳ್ಯಾ. ಇಷ್ಟಕ್ಕ ದೇವರನ್ನ ಯಾಕ ತರ್ತಿ? ಆಗಿದ್ದಾತು. ನಾ ಏನೂ ಅಂದ್ಕೊಂಡಿಲ್ಲ” ಎಂದೆ. ಓಣಿಯವರು ನನ್ನ ದೊಡ್ಡ ಮನಸ್ಸನ್ನು ಹೊಗಳಿದರು. ಮಾಳಪ್ಪನ ಕಣ್ಣಲ್ಲಿ ನೀರು. ಬಹುಶಃ ತನ್ನದೇ ರಾಕೆಟ್ಟು ಗಾಳಿಗೆ ತಿರುಗಿರಬಹುದೆಂದು ಅವನಿಗೂ ಅಂದೇ ಅನಿಸಿಹೋಯಿತು. ಮನೆಗೆ ಹೋಗಿ ಡೊಳ್ಳನ್ನು ತೊಲೆಗೆ ನೇತುಹಾಕಿದ. “ಆ ಹುಡುಗಿ ಗಿಟಾರ್ ನುಡಿಯೋ ತನಕ ನಾ ಇದನ್ನ ಮುಟ್ಟಂಗಿಲ್ಲ. ಯಾರಿಗೂ ಹೇಳಬ್ಯಾಡ” ಎಂದು ನನಗೊಬ್ಬನಿಗೇ ಹೇಳಿದ. ತಿಂಗಳಲ್ಲಿ ಮರೆಯುತ್ತಾನೆಂದುಕೊಂಡೆ. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ಮನುಷ್ಯ ಅವನು. ಇದೊಂದನ್ನು ಮರೆಯಲಿಲ್ಲ.

ಗಿಟಾರು ಅಟ್ಟ ಸೇರಿತು. ಸುಜಾತಾ ಆಗೊಮ್ಮೆ ಈಗೊಮ್ಮೆ ರಿಪೇರಿ ಮಾತೆತ್ತುತ್ತಿದ್ದಳು. “ಲಾಭ ಇಲ್ಲವ್ವ, ಅದರ ಜೀವ ಹೋಗೇತಿ” ಎನ್ನುತ್ತಿದ್ದೆ. ರಿಪೇರಿಯೆಂದರೆ ಬಿಚ್ಚುವುದು. ಬಿಚ್ಚಿದರೆ ಒಳಗೆ ನಾನೇ ಇದ್ದೆ.

ಐದು ವರ್ಷದ ಮೇಲೆ ನಾರಾಯಣಪೇಟೆ ಜಿಲ್ಲೆಯಾಯಿತು. ಮತ್ತೆ ಪಟಾಕಿ, ಮತ್ತೆ ಮೆರವಣಿಗೆ. ಓಣಿಯವರು ಡೊಳ್ಳು ತಾ ಎಂದು ಮಾಳಪ್ಪನ ಬೆನ್ನು ಹತ್ತಿದರು. ಅವನು ಒಲ್ಲೆನೆಂದ. ಸುಜಾತಾ ಹೋಗಿ ಕೇಳಿದಾಗ ತಡೆಯಲಾರದೆ ಕಾರಣ ಹೇಳಿಬಿಟ್ಟ. ಅವಳು ನೇರ ಅಟ್ಟ ಹತ್ತಿ ಗಿಟಾರು ಇಳಿಸಿ ಹಜಾರದಲ್ಲಿಟ್ಟಳು. ತೂತಿನ ಪಕ್ಕ ಅಂಗೈಯಷ್ಟು ಸುಟ್ಟು ಕರಕಲಾಗಿತ್ತು. ತಳ ನೀರಿಗೆ ಬಿರಿದಿತ್ತು. ಕುತ್ತಿಗೆ ಅಟ್ಟದ ಕಾವಿಗೆ ಬಾಗಿತ್ತು.

“ಗದ್ವಾಲದಾಗ ಖಾಜಾ ಮಿಯಾ ಅದಾನ. ಹಾರ್ಮೋನಿಯಂ ರಿಪೇರಿ ಮಾಡ್ತಾನ. ಅವ ನೋಡ್ಲಿ” ಎಂದ ಮಾಳಪ್ಪ.

“ಹಾರ್ಮೋನಿಯಂದವಗ ಗಿಟಾರ್ ಏನ್ ತಿಳೀತೈತಿ? ಹೊಸಾದು ತರೂಣು” ಎಂದೆ ನಾನು. ಇದುವರೆಗೆ ನನ್ನ ಬಾಯಿಂದ ಹೊಸದು ತರುವ ಮಾತು ಕೇಳದ ಗೌರಮ್ಮ ನನ್ನ ಹಣೆ ಮುಟ್ಟಿ ನೋಡಿದಳು. ಸುಜಾತಾಗೆ ಶಾಲೆಯಿತ್ತು. ನಾನೂ ಬರುತ್ತೇನೆಂದು ಮಾಳಪ್ಪನ ಜೊತೆ ಹೊರಟೆ. ಜೊತೆಗಲ್ಲ, ಕಾವಲಿಗೆ.

ಖಾಜಾ ಮಿಯಾ ಗಿಟಾರನ್ನು ಹಾಸಿಗೆ ಹಿಡಿದವರನ್ನು ನೋಡುವ ಹಾಗೆ ನೋಡಿದ. ಬೆರಳಿನಿಂದ ತಟ್ಟಿದ, ಒಂದು ಕಣ್ಣು ಮುಚ್ಚಿ ಕುತ್ತಿಗೆಯ ಉದ್ದಕ್ಕೂ ದೃಷ್ಟಿ ಹಾಯಿಸಿದ, ನಾಲಗೆ ಲೊಚಗುಟ್ಟಿದ.

“ಇದರ ಮ್ಯಾಲ ಮಾಡೋ ಮೆಹನತ್ತಿಗೆ ಹೊಸಾದೇ ಬರ್ತೈತ್ರಿ ಸಾಬ್. ನನ್ನ ಕೇಳಿದ್ರ, ಫಾಯ್ದಾ ಇಲ್ಲ.”

ನನಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. “ಕೇಳಿದ್ಯಾ ಮಾಳ್ಯಾ? ಬಲ್ಲವರ ಮಾತು. ನಡಿ, ಬಸ್ ಐತಿ.”

ಮಾಳಪ್ಪ ಏಳಲಿಲ್ಲ. “ಹೊಸಾದು ತಂದ್ರ ಹೊಸಾದು ನುಡೀತೈತಿ. ನಾ ಸುಟ್ಟಿದ್ದು ಇದನ್ನ. ಇದ ನುಡೀಬೇಕು. ಬಿಚ್ಚಿ ನೋಡಪ್ಪ” ಎಂದ.

ಖಾಜಾ ಮಿಯಾ ತೆಳ್ಳನೆಯ ಚಾಕು ತೆಗೆದ. ಮಾಳಪ್ಪ ಕೈ ಅಡ್ಡ ಮಾಡಿ, “ತಡಿ, ಬಿಚ್ಚೋಕಿಂತ ಮೊದ್ಲ ಒಂದು ಕೆಲಸ ಐತಿ” ಎಂದು ಸೊಂಟದ ಚೀಲದಿಂದ ಭಂಡಾರ ತೆಗೆದ. ಗಿಟಾರಿನ ಸುಟ್ಟ ಹೊಟ್ಟೆಗೆ ಹಚ್ಚಿದ. ಡೊಳ್ಳಿಗೆ ಹೇಳುವ ಹಾಗೆಯೇ ಹೇಳಿದ: “ತಾಯಿ, ನಾ ಮಾಳಪ್ಪ. ನನ್ನ ಖುಷಿಗೆ ನಿನ್ನ ಹೊಟ್ಟಿ ಸುಟ್ಟೆ. ಐದು ವರ್ಷ ಆ ಹುಡುಗಿ ಕೈ ಕಟ್ಟಿಹಾಕಿದೆ. ತಪ್ಪಾತು.” ಆಮೇಲೆ ಚೀಲವನ್ನು ನನ್ನ ಕಡೆ ಚಾಚಿದ. “ನಿಂದೂ ಏನರ ಇದ್ರ ಹೇಳಿಬಿಡು. ಇರಾಂಗಿಲ್ಲ ಬಿಡು ನಿಂದು, ಆದ್ರೂ ಪದ್ಧತಿ.”

ಹನ್ನೆರಡು ವರ್ಷದ ಹುಡುಗನಾಗಿ ಹೇಳಿದ ಮಾತೇ ನಾಲಗೆಯ ತುದಿಗೆ ಬಂತು, ನಾನೇನೂ ಮಾಡಿಲ್ರಿ. ಹೇಳಲಾಗಲಿಲ್ಲ. ಭಂಡಾರಕ್ಕೆ ಕೈ ಹಾಕಿದೆ. ತೆಗೆದದ್ದರಲ್ಲಿ ಅರ್ಧ ಅವನ ಧೋತರದ ಮೇಲೆಯೇ ಚೆಲ್ಲಿತು.

“ಮಾಳ್ಯಾ, ಅದು ರಾಕೆಟ್ ಅಲ್ಲ. ನನ್ನ ಬೀಡಿ.”

ಬಾಯಿ ಒಮ್ಮೆ ತೆರೆದುಕೊಂಡ ಮೇಲೆ ನಿಲ್ಲಲಿಲ್ಲ. ಗೋದಾಮು, ಚಪ್ಪಲಿ ಸದ್ದು, ಗೋಣು ಹಾಕಿದ್ದು, ಕಡ್ಡಿ ಆರಿಸಿ ತಂದದ್ದು, ಎಲ್ಲ ಹೊರಗೆ ಬಂತು. ಅದೇ ಓಟದಲ್ಲಿ ಅವನ ತಂದೆಯ ಡೊಳ್ಳಿನ ತೂತನ್ನೂ ಹೇಳಿಬಿಟ್ಟೆ. ಅದನ್ನು ಯಾರೂ ಕೇಳಿರಲಿಲ್ಲ.

ಮಾಳಪ್ಪ ಧೋತರದ ಮೇಲೆ ಚೆಲ್ಲಿದ ಭಂಡಾರವನ್ನು ಚಿಟಿಕೆ ಚಿಟಿಕೆಯಾಗಿ ಎತ್ತಿ ಚೀಲಕ್ಕೆ ಹಾಕಿಕೊಂಡ. ಖಾಜಾ ಮಿಯಾ ಏನು ಮಾಡಬೇಕೆಂದು ತಿಳಿಯದೆ ಹಿಂಭಾಗದ ಹಲಗೆಯನ್ನು ಬಿಚ್ಚಿದ. ಹನ್ನೊಂದು ಬೀಡಿ ತುಂಡುಗಳು, ಸುಟ್ಟ ಅರಿವೆಯ ಚೂರು, ಒಂದು ಕಡ್ಡಿ. ಕಡ್ಡಿಗೆ ಒಳಗಿನ ಮಸಿ ಒಂದಿಷ್ಟೂ ತಾಗಿರಲಿಲ್ಲ.

“ಯಾ ಅಲ್ಲಾ, ಗಿಟಾರ್ ತಂದೀರೋ, ಬೀಡಿ ಡಬ್ಬಾ ತಂದೀರೋ?” ಎಂದ ಖಾಜಾ ಮಿಯಾ.

ಮಾಳಪ್ಪ ಕಡ್ಡಿಯನ್ನು ತಿರುಗಿಸಿ ನೋಡಿದ. “ನಮ್ಮಪ್ಪನ ಏಟು ಈಗೂ ನೆನಪೈತಲೇ ನನಗ. ಈ ಕಿವಿ ಮೂರು ದಿನ ಗುಂಯ್ ಅಂತಿತ್ತು. ಅದೂ ನೀನಾ?”

“ಅದೂ ನಾನ.”

“ಅದು ಹೋಗ್ಲಿ, ಹುಡುಗರಿದ್ವಿ. ಅವತ್ತು ನಾ ಭಂಡಾರ ಹಿಡಕೊಂಡು ಬಂದಾಗ ಬ್ಯಾಡ ಅಂತ ಕೈ ಹಿಡದ್ಯಲ್ಲ. ನನ್ನ ಮ್ಯಾಲಿನ ಪ್ರೀತಿಗೆ ಹಿಡದಿ ಅಂತ ತಿಳ್ಕೊಂಡಿದ್ದೆ.”

ನಾನು ಬೀಡಿ ತುಂಡುಗಳನ್ನು ಒಂದೊಂದಾಗಿ ಹೆಕ್ಕಿ ಜೇಬಿಗೆ ಹಾಕಿಕೊಂಡೆ.

“ಮಾಡ್ಲೋ ಬ್ಯಾಡೋ?” ಎಂದು ಖಾಜಾ ಮಿಯಾ ಕೇಳಿದ. ಐದು ವರ್ಷ ಲಾಭ ಇಲ್ಲ ಎಂದ ನಾನೇ “ಮಾಡ್ರಿ” ಎಂದು ಕೈ ಮುಗಿದೆ. “ಹಳೇ ದನಿ ಬರ್ತೈತೇನು?”

“ಹಳೇ ದನಿ ಬರಂಗಿಲ್ಲ ಸಾಬ್. ದನಿ ಬರ್ತೈತಿ.”

ಮಾಳಪ್ಪ ಬೇರೆ ಬಸ್ಸಿಗೆ ಹೋದ. ನಾನು ಮನೆಗೆ ಬಂದು ಇಬ್ಬರು ಹೆಂಗಸರನ್ನೂ ಕೂರಿಸಿ ಹೇಳಿದೆ. ಸುಜಾತಾ ನನ್ನ ಕಡೆ ತಿರುಗಿದಳು. “ಬೀಡಿ ಇಡೋದು ಗೊತ್ತಿತ್ರಿ ಮಾವಾರೆ. ಕಟ್ಟಿಗಿ ವಾಸನಿ ನನಗ ತಿಳೀದೇನ್ರಿ? ವಯಸ್ಸಾದವರು ಅಂತ ಸುಮ್ಮನಿದ್ದೆ. ಸುಟ್ಟಿದ್ದು ನೀವು ಅಂತ ಗೊತ್ತಿರಲಿಲ್ಲ” ಎಂದಳು. ಎದ್ದು ಒಳಗೆ ಹೋದಳು. ಗೌರಮ್ಮ ಗಿಟಾರಿನ ಮಾತನ್ನೇ ಎತ್ತಲಿಲ್ಲ. ಕೆನ್ನೆಯ ಮೇಲೆ ಕೈಯಿಟ್ಟುಕೊಂಡು, “ಅಯ್ಯ ಶಿವನ, ಮನಿ ಸುಡಾಕ ಹೋಗಿದ್ದ ಅಂತ ಐದು ವರ್ಷ ಮಾಳಪ್ಪಣ್ಣಗ ಚಾದಾಗ ಸಕ್ರಿ ಕಮ್ಮಿ ಹಾಕೀನಲ್ಲರೀ!” ಎಂದಳು.

ಮೂರು ವಾರ ಮಾಳಪ್ಪ ನಮ್ಮ ಕಟ್ಟೆ ಹತ್ತಲಿಲ್ಲ. ನಾನು ಬೀಡಿ ಬಿಟ್ಟೆ. ಬಚ್ಚಿಡಲು ಜಾಗವಿಲ್ಲದೆ ಬಿಟ್ಟೆನೋ, ನಾಚಿಕೆಯಿಂದ ಬಿಟ್ಟೆನೋ, ಹೇಳಲಾರೆ. ಒಂದು ಬೆಳಗ್ಗೆ ಅವನು ಬಾಗಿಲಲ್ಲಿ ನಿಂತು “ನಡಿ” ಎಂದ. ಗದ್ವಾಲ ಮುಟ್ಟುವ ತನಕ ಅದೊಂದೇ ಮಾತು.

ಖಾಜಾ ಮಿಯಾ ಸುಟ್ಟ ಭಾಗ ಕತ್ತರಿಸಿ, ಹಳೆಯ ಹಾರ್ಮೋನಿಯಂ ಒಂದರ ಹಲಗೆಯಿಂದ ತೇಪೆ ಕೂರಿಸಿದ್ದ. ಕೆಮ್ಮಿನ ವಿಷಯವನ್ನು ಅವನೇ ಹೇಳಿದ, ಮುಚ್ಚಿಡಲಿಲ್ಲ. ಗಿಟಾರು ಎತ್ತಿಕೊಂಡು ಬಸ್ ಹತ್ತಿದೆವು. ಮಾಳಪ್ಪ ಎರಡು ಟಿಕೆಟ್ ತೆಗೆಸಿ, ಕಿಟಕಿಯ ಪಕ್ಕ ಗಿಟಾರನ್ನು ಕೂರಿಸಿ, ಅದರ ಪಕ್ಕ ತಾನು ಕೂತ. ಬೇರೆ ಸೀಟು ಖಾಲಿ ಇರಲಿಲ್ಲ. ನಾನು ನನ್ನ ಟಿಕೆಟ್ ತೆಗೆಸಿ ಕಂಬಿ ಹಿಡಿದು ನಿಂತೆ.

“ಏಂದಿ ತಾತಾ, ಗಿಟಾರ್‌ಕು ಸೀಟಾ?” ಎಂದು ಕಂಡಕ್ಟರ್ ತೆಲುಗಿನಲ್ಲಿ ಕೇಳಿ ನಕ್ಕ.

ಮಾಳಪ್ಪ ಅವನಿಗೆ ಉತ್ತರ ಕೊಡಲಿಲ್ಲ, ನನಗೆ ಕೊಟ್ಟ. “ಅದು ಐದು ವರ್ಷ ಅಟ್ಟದ ಮ್ಯಾಲ ಇತ್ತು. ನಾ ಐದು ವರ್ಷ ತಲಿ ಬಗ್ಗಿಸಿ ನಿಂತೀನಿ. ಮಕ್ತಲ್ ತನಕ ನೀ ನಿಂದ್ರು.”

ನಿಂತೆ. ಈ ಸಲ ಮೊಣಕಾಲು ನಿಜವಾಗಿ ನೋಯುತ್ತಿತ್ತು. ಜುರಾಲ ಅಣೆಕಟ್ಟಿನ ಮೇಲೆ ಬಸ್ಸು ಸಾಗುವಾಗ ಎರಡೂ ಕಡೆ ಕೃಷ್ಣೆ. ಗಾಳಿಗೆ ಗಿಟಾರಿನ ತಂತಿಗಳು ತಾವೇ ಸಣ್ಣಗೆ ಗುನುಗಿದವು. ಮಾಳಪ್ಪ ಅದನ್ನು ಕೇಳಿಸಿಕೊಂಡ. ನನ್ನ ಕಾಲನ್ನೂ ನೋಡಿದ. ಗಿಟಾರನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ಸರಿದ. “ಕುಂದ್ರು” ಎಂದ.

ಅಂದು ಸಂಜೆ ಸುಜಾತಾ ಕಟ್ಟೆಯ ಮೇಲೆ ಕೂತು ಮೀಟಿದಳು. ಐದು ತಂತಿ ಸರಿ, ಆರನೆಯದು ಗೊರ್. “ಮಾವಾರೆ, ಇದು ನಿಮ್ಮಂಗ ಕೆಮ್ಮತೈತಿ” ಎಂದಳು. ಮೂರು ವಾರದಲ್ಲಿ ಅವಳು ನನ್ನೊಡನೆ ಆಡಿದ ಮೊದಲ ತಮಾಷೆ. ಗೌರಮ್ಮ ಮಾಳಪ್ಪನಿಗೆ ಚಹಾ ತಂದಳು. ಒಂದು ಗುಟುಕು ಕುಡಿದು ಅವನು ಮುಖ ಕಿವುಚಿದ. “ಏನಿದು ತಂಗೀ, ಪಾಕ ಮಾಡೀಯೇನು?” ಎಂದ. ಆಮೇಲೆ ಎದ್ದು ಮನೆಗೆ ಹೋದ. ಸ್ವಲ್ಪ ಹೊತ್ತಿಗೆ ಓಣಿಯ ಆ ತುದಿಯಿಂದ ಡೊಳ್ಳಿನ ಸದ್ದು ಬಂತು. ಮೊದಲು ತಪ್ಪು ತಪ್ಪಾಗಿ, ಆಮೇಲೆ ಸರಿಯಾಗಿ, ಆಮೇಲೆ ಹತ್ತಿರ ಹತ್ತಿರವಾಗಿ.

ನಿನ್ನೆ ಇದನ್ನೆಲ್ಲ ಅವನಿಗೆ ಓದಿ ಹೇಳಿದೆ. ಅವನು ಓದಿದ್ದು ತೆಲುಗಿನಲ್ಲಿ. ಕನ್ನಡ ಆಡುತ್ತಾನೆ, ಅಕ್ಷರ ಬಾರದು. ಕಣ್ಣು ಮುಚ್ಚಿ ಕೇಳಿದ. ವಾಂತಿಯ ಮಾತು ತೆಗೆಯೆಂದ, ನಾನು ತೆಗೆಯಲಿಲ್ಲ. ಬಸ್ಸಿನ ಭಾಗದ ಕೊನೆಗೆ, ‘ಹೀಗೆ ಮಾಳಪ್ಪ ನನ್ನನ್ನು ಕ್ಷಮಿಸಿದ’ ಎಂದು ಒಂದು ಸಾಲು ಬರೆದಿದ್ದೆ. ಅಲ್ಲಿಗೆ ಬಂದಾಗ ಕಣ್ಣು ತೆರೆದ.

“ತಡಿ. ಮಾಫ್ ಮಾಡೀನಿ ಅಂತ ಯಾವಾಗ ಹೇಳಿದೆ?”

“ಕುಂದ್ರು ಅಂದ್ಯಲ್ಲೋ.”

“ಕುಂದ್ರು ಅಂದೆ. ಅಷ್ಟ ಬರಿ.”

ಆ ಸಾಲನ್ನು ಹೊಡೆದು ಹಾಕಿದ್ದೇನೆ. ಅವನು ಕುಂದ್ರು ಎಂದ, ನಾನು ಕೂತೆ.